ಬೀಗದ ಕೈ ಯಾರಲ್ಲಿರಬೇಕು?

ತಿಥಿಯನ್ನು ಗೊತ್ತುಪಡಿಸದೆ ಬರುವವನೇ ಅತಿಥಿ ಎಂದು ಹಳಬರು ಅರ್ಥ ಹೇಳುತ್ತಿದ್ದರು. ತರಗತಿಯಲ್ಲಿ ನಾನೂ ವರ್ಷವರ್ಷವೂ ಅದನ್ನೇ ಹೇಳುತ್ತ ಬಂದಿದ್ದೇನೆ. ಈ ಸಲ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, “ಸಾರ್, ಈಗಿನವನು ತಾರೀಖು ಗೊತ್ತುಮಾಡಿ, ಹಣವನ್ನೂ ಮುಂಗಡವಾಗಿ ಕಟ್ಟಿ ಬರುತ್ತಾನಲ್ಲ, ಅವನನ್ನು ಏನೆಂದು ಕರೆಯಬೇಕು?” ಎಂದು ಕೇಳಿದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕು ಸುಮ್ಮನಾದೆ. ಆದರೆ ಮುಂದಿನ ಭಾನುವಾರವೇ ಆ ಪ್ರಶ್ನೆ ಬಂಗಾರಪೇಟೆಯ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತಿತು.

ಬಂದಾತ ನನ್ನ ಹಳೆಯ ವಿದ್ಯಾರ್ಥಿ. ಆತನ ತಂದೆ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು. 2001ರ ಫೆಬ್ರವರಿ ಕೊನೆಯಲ್ಲಿ ಗಣಿ ಮುಚ್ಚಿದಾಗ ಕೈಗೆ ಬಂದ ಹಣಕ್ಕೆ ಸಾಲವನ್ನೂ ಸೇರಿಸಿ, ಬಂಗಾರಪೇಟೆಯಲ್ಲಿ ಒಂದು ಮಹಡಿಯ ಮನೆ ಕಟ್ಟಿಸಿ, ಕೆಲವೇ ವರ್ಷಗಳಲ್ಲಿ ಕಣ್ಣು ಮುಚ್ಚಿದರು. ಕೆಳಗೆ ತಾಯಿ ಮತ್ತು ಮಗ. ಮಗ ಮುಂಜಾನೆಯ ರೈಲಿಗೆ ಬೆಂಗಳೂರಿಗೆ ಹೋಗಿ ರಾತ್ರಿ ಹಿಂದಿರುಗುವವನು. ಮಹಡಿಯಲ್ಲಿ ಆರು ವರ್ಷಗಳಿಂದ ಆಸ್ಪತ್ರೆಯ ದಾದಿಯೊಬ್ಬರ ಸಂಸಾರ ಬಾಡಿಗೆಗಿದೆ.

“ಮಹಡಿಯವರನ್ನು ಬಿಡಿಸಿ ದಿನಬಾಡಿಗೆಗೆ ಕೊಡೋಣವೆಂದಿದ್ದೇನೆ, ಸಾರ್. ಕಮ್ಮಸಂದ್ರದ ಕೋಟಿಲಿಂಗೇಶ್ವರಕ್ಕೆ ರಜೆಯ ದಿನಗಳಲ್ಲಿ ಎಷ್ಟು ಜನ! 2018ರಲ್ಲಿ ಆ ಸಿನಿಮಾ ಬಂದ ಮೇಲೆ ಕೆ.ಜಿ.ಎಫ್. ನೋಡಬೇಕೆಂದು ಬರುವವರೂ ಇದ್ದಾರೆ. ಎಂಟು ದಿನ ಜನ ಬಂದರೂ ತಿಂಗಳ ಬಾಡಿಗೆ ಹುಟ್ಟುತ್ತದೆ. ಅಮ್ಮ ಮಾತ್ರ ಒಪ್ಪುತ್ತಿಲ್ಲ. ನೀವೊಂದು ಮಾತು ಹೇಳಬೇಕು. ಅದಕ್ಕೂ ನಿಯಮ, ನೋಂದಣಿ ಎನ್ನುತ್ತಾರೆ. ನನ್ನ ಮನೆ ನನ್ನ ಇಷ್ಟ, ಸರ್ಕಾರಕ್ಕೇನು?”

ಆತನ ಮಾತನ್ನು ಹಗುರವಾಗಿ ತಳ್ಳಿಹಾಕುವಂತಿರಲಿಲ್ಲ. ಮನೆಯ ಸಾಲ ಇನ್ನೂ ತೀರಿಲ್ಲ. ಗಣಿ ಮುಚ್ಚಿದ ಸೀಮೆಯಲ್ಲಿ ನಾಲ್ಕು ಕಾಸು ಹುಟ್ಟುವ ದಾರಿ ಕಂಡರೆ ಬೇಡವೆನ್ನಲು ನಾನಾರು? ಆದರೆ “ಸರ್ಕಾರಕ್ಕೇನು” ಎಂಬ ಪ್ರಶ್ನೆಗೆ ಉತ್ತರ ಹೇಳಲೇಬೇಕಾಯಿತು.

ಹಿಂದೆ ನಮ್ಮ ಎಷ್ಟೋ ಛತ್ರಗಳಲ್ಲಿ ಮೂರು ದಿನಕ್ಕಿಂತ ಹೆಚ್ಚು ತಂಗಬಾರದೆಂಬ ಕಟ್ಟಳೆಯಿತ್ತು. ಈಗ ನ್ಯೂಯಾರ್ಕ್ ನಗರದ ಕಟ್ಟಳೆ ಅದಕ್ಕೆ ತಿರುಗುಮುರುಗು. 2023ರ ಸೆಪ್ಟೆಂಬರಿನಿಂದ ಅಲ್ಲಿ ಬಿಗಿಯಾಗಿ ಜಾರಿಗೆ ಬಂದ ನಿಯಮದಂತೆ, 30 ದಿನಕ್ಕಿಂತ ಕಡಿಮೆ ಅವಧಿಗೆ ಮನೆ ಕೊಡುವವನು ತಾನೂ ಆ ಮನೆಯಲ್ಲಿಯೇ ಇರಬೇಕು; ಅತಿಥಿಗಳು ಇಬ್ಬರನ್ನು ಮೀರಬಾರದು. ಬಾರ್ಸಿಲೋನಾ ಇನ್ನೂ ಮುಂದೆ ಹೋಗಿ, ಪ್ರವಾಸಿಗಳಿಗೆಂದೇ ಇರುವ ಸುಮಾರು 10,000 ಮನೆಗಳ ಪರವಾನಗಿಯನ್ನು 2028ರೊಳಗೆ ಕೊನೆಗಾಣಿಸುವುದಾಗಿ 2024ರಲ್ಲಿ ಸಾರಿತು. ಪ್ರವಾಸಿಗಳ ಮೇಲಿನ ಸಿಟ್ಟೊಂದೇ ಇದಕ್ಕೆ ಕಾರಣವಲ್ಲ. ಊರಿನಲ್ಲಿ ದುಡಿಯುವವರಿಗೆ ಬಾಡಿಗೆಯ ಮನೆ ಎಟುಕದಂತಾಯಿತೆಂಬುದೇ ಮುಖ್ಯವಾದ ದೂರು.

“ನಮ್ಮದು ಬಾರ್ಸಿಲೋನಾ ಅಲ್ಲವಲ್ಲ, ಸಾರ್” ಎಂದ ಆತ.

ಅಲ್ಲ, ನಿಜ. ಹಾಗಾದರೆ ನಮ್ಮ ಹಂಪಿಯನ್ನೇ ನೋಡೋಣ. 2011ರ ಜುಲೈ ತಿಂಗಳಲ್ಲಿ, ವಿರೂಪಾಕ್ಷ ದೇವಾಲಯದ ಮುಂದಿನ ಬೀದಿಯ ಸಾಲುಮಂಟಪಗಳಲ್ಲಿ ಮನೆ ಅಂಗಡಿಗಳನ್ನು ಮಾಡಿಕೊಂಡಿದ್ದವರನ್ನು ಎಬ್ಬಿಸಿದರು. 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಾದ ಮೇಲೆ ಹೊಳೆಯಾಚೆಯ ವಿರೂಪಾಪುರ ಗಡ್ಡೆಯ ರೆಸಾರ್ಟುಗಳನ್ನು ಕೆಡವಿದರು. ಪರಂಪರೆಯ ರಕ್ಷಣೆ ಆಗಬೇಕಾದದ್ದೇ. ಆದರೆ ಮೊದಲ ದಿನವೇ ಹೇಳಬೇಕಾಗಿದ್ದ ಮಾತನ್ನು ವರ್ಷಗಳ ಮೇಲೆ ಹೇಳಿದ್ದರಿಂದ, ಅಲ್ಲಿ ಬದುಕು ಕಟ್ಟಿಕೊಂಡವರು ಒಮ್ಮೆಗೇ ಬೀದಿಗೆ ಬಿದ್ದರು. ಆದುದರಿಂದ ನಿಯಮ ಬೇಕಾದರೆ ಜನಜಂಗುಳಿ ಸೇರುವ ಮೊದಲೇ ಬೇಕು.

ಆ ನಿಯಮ ನಮ್ಮಲ್ಲಿಯೂ ಇಲ್ಲದಿಲ್ಲ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯದ ಹೋಮ್‌ಸ್ಟೇ ಯೋಜನೆಯಲ್ಲಿ ಒಂದರಿಂದ ಆರು ಕೋಣೆಗಳನ್ನು ಕೊಡಬಹುದು. ಆದರೆ ಮಾಲೀಕರ ಸಂಸಾರ ಅಲ್ಲಿಯೇ ವಾಸವಾಗಿರಬೇಕು. ಮನೆಯವರಿರುವ ಮನೆಗೆ ಬಂದವನು ನೆಂಟನಂತೆ ನಡೆದುಕೊಳ್ಳುತ್ತಾನೆ. ನಡುರಾತ್ರಿ ಗಲಾಟೆಯಾದರೆ ಕೇಳುವವರಿರುತ್ತಾರೆ.

ಮನೆಗಳ ಹಕ್ಕು ಅಲ್ಲಿ ಬದುಕುವವರ ಕೈಯಲ್ಲಿ ಇಲ್ಲದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ಸೀಮೆಗೆ ಹೊರಗಿನವರು ಕಲಿಸಬೇಕಾಗಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದಂದಿನಿಂದ ಅಧಿಕಾರಿಗಳ ಬಂಗಲೆಯೂ ಕಂಪನಿಯದೇ, ಕೂಲಿಕಾರರ ಲೈನ್ ಮನೆಯೂ ಕಂಪನಿಯದೇ. 1902ರಲ್ಲಿಯೇ ಶಿವನಸಮುದ್ರದ ವಿದ್ಯುತ್ತನ್ನು ಕಂಡ ಊರದು. ಆದರೂ ಗಣಿ ಮುಚ್ಚಿದಾಗ ಅಲ್ಲಿಯವರು ಕೆಲಸದ ಜೊತೆಗೆ ತಲೆಯ ಮೇಲಿನ ಸೂರಿಗಾಗಿಯೂ ಚಿಂತಿಸಬೇಕಾಯಿತು.

ಇಷ್ಟನ್ನೂ ಹೇಳಿ, ಸಂಜೆ ಆತನೊಡನೆ ಅವರ ಮನೆಗೆ ಹೋದೆ. ತಾಯಿ ಕಾಫಿ ಕೊಟ್ಟು, ನನ್ನ ಉಪನ್ಯಾಸಕ್ಕೆ ಅವಕಾಶವನ್ನೇ ಕೊಡದೆ, ತಾವೇ ಮಾತು ತೆಗೆದರು:

“ಜನ ಬರುವುದು ಬೇಡವೆಂದು ನಾನು ಹೇಳುವುದಿಲ್ಲ, ಮೇಷ್ಟ್ರೇ. ಕೆಳಗೆ ಮುಂದಿನ ಕೋಣೆ ಖಾಲಿ ಇದೆ. ಬಂದವರು ಅಲ್ಲಿ ಇರಲಿ, ನಾನೇ ಬೇಯಿಸಿ ಬಡಿಸುತ್ತೇನೆ. ಆದರೆ ಮಹಡಿಯ ಹುಡುಗಿ ಈ ವರ್ಷ ಹತ್ತನೆಯ ತರಗತಿ. ಈಗ ಎಬ್ಬಿಸಿದರೆ ಅವಳು ಎಲ್ಲಿ ಕೂತು ಓದಬೇಕು? ಹೋದ ಮಳೆಗಾಲ ನನಗೆ ಜ್ವರ ಏರಿದ ರಾತ್ರಿ ಇವನ ರೈಲು ತಡ. ಮೇಲಿನಿಂದ ಇಳಿದು ಬಂದು ಬೆಳಗಿನವರೆಗೆ ಹಣೆಗೆ ಬಟ್ಟೆ ಹಾಕಿದವಳು ಆ ಹುಡುಗಿಯ ತಾಯಿ. ಬೀಗದ ಕೈಯನ್ನು ದಿನಕ್ಕೊಬ್ಬರ ಕೈಗೆ ಕೊಟ್ಟರೆ, ನಾಳೆ ನಾನು ಯಾರನ್ನು ಕೂಗಲಿ?”

ಮಗ ತಲೆ ತಗ್ಗಿಸಿ ಕಾಫಿಯ ಲೋಟವನ್ನು ತಿರುಗಿಸುತ್ತ ಕುಳಿತ. ಸ್ವಲ್ಪ ಹೊತ್ತಾದ ಮೇಲೆ, “ಒಂದು ಕೋಣೆಗೂ ನೋಂದಣಿ ಮಾಡಿಸಬೇಕೇ, ಸಾರ್?” ಎಂದು ಕೇಳಿದ. ಮಾಡಿಸುವುದೇ ಮೇಲೆಂದೆ, ಅರ್ಜಿ ತುಂಬಲು ನೆರವಾಗುತ್ತೇನೆಂದೂ ಒಪ್ಪಿಕೊಂಡೆ. ಲೆಕ್ಕಕ್ಕೆ ನೋಡಿದರೆ ಆತನ ಆದಾಯ ಎಣಿಸಿದಷ್ಟಾಗದು. ಸಾಲ ತೀರುವುದು ಇನ್ನೆರಡು ವರ್ಷ ತಡವಾದೀತು. ಮಹಡಿಯಲ್ಲಿ ಮಾತ್ರ ಹುಡುಗಿ ಗಟ್ಟಿಯಾಗಿ ಪಾಠ ಓದುತ್ತಿದ್ದುದು ನಮಗೆ ಕೇಳಿಸುತ್ತಲೇ ಇತ್ತು.

ಹಿಂದಿನ ಬೆಂಚಿನ ಹುಡುಗನಿಗೆ ಉತ್ತರ ಬಾಕಿ ಇದೆ. ತಾರೀಖು ಗೊತ್ತುಮಾಡಿ ಬರಲಿ, ಹಣ ಕೊಟ್ಟೇ ಬರಲಿ, ಅವನನ್ನು ಅತಿಥಿಯೆಂದೇ ಕರೆಯೋಣ. ಬಾಗಿಲು ತೆರೆಯಲು ಮನೆಯವರು ಮಾತ್ರ ಮನೆಯಲ್ಲಿರಲಿ.