ಧರ್ಮೋಪದೇಶ ನಿಲ್ಲಿಸುವುದಲ್ಲ, ಒಪ್ಪಿಗೆ ಕೇಳಬೇಕು

ಸಂಪಾದಕರಿಗೆ,



ಕಥೋಲಿಕ ಪ್ರಾಥಮಿಕ ಶಾಲೆಗಳ ವೇಳಾಪಟ್ಟಿಯಿಂದ ಧರ್ಮೋಪದೇಶದ ಪಿರಿಯಡ್ ತೆಗೆದುಹಾಕಬೇಕು, ಭಾನುವಾರ ಚರ್ಚಿನಲ್ಲಿ ನಡೆದರೆ ಸಾಕು ಎಂದು ಓದುಗರೊಬ್ಬರು ಕಳೆದ ವಾರ ಬರೆದಿದ್ದರು. ಮಂಗಳೂರು ಕಡೆಯ ಒಂದು ಅನುದಾನಿತ ಕನ್ನಡ ಮಾಧ್ಯಮ ಶಾಲೆಯಲ್ಲಿ 26 ವರ್ಷ ಗಣಿತ, ಕನ್ನಡದ ಜೊತೆಗೆ ಧರ್ಮೋಪದೇಶವನ್ನೂ ಕಲಿಸಿದವಳು ನಾನು. ನಮ್ಮ ಕೊಂಕಣಿಯಲ್ಲಿ ಅದಕ್ಕೆ ದೊತೊರ್ನ್ ಎನ್ನುತ್ತೇವೆ. ಪತ್ರ ಬರೆದವರ ಆತಂಕ ಸುಳ್ಳಲ್ಲ, ಆದರೆ ಅವರು ಹೇಳಿದ ಪರಿಹಾರವನ್ನು ನಾನು ಒಪ್ಪಲಾರೆ.

ಮೊದಲು ಆತಂಕದ ಮಾತು. ನಮ್ಮಲ್ಲಿ ವಾರಕ್ಕೆ ಎರಡು ಸಲ, ಬೆಲ್ ಹೊಡೆದ ಕೂಡಲೇ ಕಥೋಲಿಕ ಮಕ್ಕಳು ಒಂದು ಕೋಣೆಗೆ, ಉಳಿದವರು ನೀತಿಪಾಠಕ್ಕೆ ಇನ್ನೊಂದು ಕೋಣೆಗೆ ಹೋಗುತ್ತಿದ್ದರು. ನಿವೃತ್ತರಾದವರ ಜಾಗಕ್ಕೆ ಯಾರೂ ಬಾರದೆ ನಾಲ್ಕೇ ಶಿಕ್ಷಕಿಯರು ಉಳಿದ ಒಂದು ವರ್ಷ ಎರಡೂ ಗುಂಪನ್ನು ಒಟ್ಟಿಗೆ ಕೂರಿಸಿದೆವು. ಬೇರೆ ಮಕ್ಕಳು ಹಿಂದಿನ ಬೆಂಚಿನಲ್ಲಿ ಕಾಪಿ ಬರೆಯಲಿ ಎಂದಿದ್ದೆ. ಅವರು ಬರೆಯುತ್ತಲೇ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದರು. ಒಂದು ಸಂಜೆ ಮೂರನೇ ತರಗತಿಯ ಹುಡುಗಿಯೊಬ್ಬಳ ತಾಯಿ, ಬೀಡಿ ಕಟ್ಟಿ ಸಂಸಾರ ನಡೆಸುವವರು, ಗೇಟಿನ ಬಳಿ ಕಾದು ನಿಂತಿದ್ದರು. “ಟೀಚರ್, ಮಗು ಊಟಕ್ಕೆ ಮೊದಲು ಶಿಲುಬೆ ಗುರುತು ಹಾಕ್ತಾಳೆ. ನನಗೆ ಬೇಸರ ಇಲ್ಲ. ಅವಳ ಅಜ್ಜಿಗೆ ನಾನು ಏನು ಹೇಳುವುದು?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಇದನ್ನು ಹೇಳಿದ್ದಕ್ಕೆ ಮಗಳಿಗೆ ಶಾಲೆಯಲ್ಲಿ ತೊಂದರೆಯಾದೀತೋ ಎಂಬ ಅಂಜಿಕೆಯಿತ್ತು. ಆ ಅಂಜಿಕೆಗೆ ನಾನೂ ಕಾರಣ ಎಂಬ ನೋವು ಇವತ್ತಿಗೂ ಹೋಗಿಲ್ಲ.

ಇಂಥ ಮಗುವಿನ ರಕ್ಷಣೆಗೇ ಸಂವಿಧಾನದ 28ನೇ ವಿಧಿ ಇದೆ. ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಶಾಲೆಯಲ್ಲಿ ಧರ್ಮಬೋಧನೆ ಸಲ್ಲದು. ಮಾನ್ಯತೆ ಅಥವಾ ಅನುದಾನ ಪಡೆದ ಖಾಸಗಿ ಶಾಲೆಯಲ್ಲಿ ಅದಕ್ಕೆ ಅಡ್ಡಿಯಿಲ್ಲ, ಆದರೆ ಯಾರನ್ನೂ ಒತ್ತಾಯದಿಂದ ಕೂರಿಸುವಂತಿಲ್ಲ. ಚಿಕ್ಕ ಮಕ್ಕಳಾದರೆ ಪೋಷಕರ ಒಪ್ಪಿಗೆ ಬೇಕು. ಪ್ರಾರ್ಥನೆಗೂ ಇದೇ ನಿಯಮ. ನಮ್ಮ ಧರ್ಮಸಭೆಯ ಮಾತೂ ಬೇರೆಯಲ್ಲ. ಎರಡನೇ ವ್ಯಾಟಿಕನ್ ಮಹಾಸಭೆ 1965ರ ಡಿಸೆಂಬರ್ 7ರಂದು ಧಾರ್ಮಿಕ ಸ್ವಾತಂತ್ರ್ಯದ ಕುರಿತು ಹೊರಡಿಸಿದ ಘೋಷಣೆಯಲ್ಲಿ, ಮನೆಯ ನಂಬಿಕೆಗೆ ಒಗ್ಗದ ಪಾಠಕ್ಕೆ ಮಕ್ಕಳನ್ನು ಬಲವಂತದಿಂದ ಕೂರಿಸಿದರೆ ಅದು ತಂದೆತಾಯಿಯ ಹಕ್ಕಿಗೆ ಧಕ್ಕೆ ಎಂದು ಹೇಳಿದೆ. ಬೇರೆ ಧರ್ಮದ ಮಕ್ಕಳ ಮೇಲೆ ಕ್ರೈಸ್ತ ಆಚರಣೆಗಳನ್ನು ಹೇರಬಾರದು ಎಂದು ಭಾರತದ ಕಥೋಲಿಕ ಬಿಷಪರ ಸಮ್ಮೇಳನ 2024ರಲ್ಲಿ ಶಾಲೆಗಳಿಗೆ ಮಾರ್ಗಸೂಚಿಯನ್ನೂ ಕೊಟ್ಟಿದೆ.

ಇಷ್ಟೆಲ್ಲ ಇದ್ದೂ ತಪ್ಪು ಆಗುವುದು ಒಪ್ಪಿಗೆ ಕೇಳುವ ಹೊತ್ತಿನಲ್ಲಿ. ದಾಖಲಾತಿ ಫಾರಂನ ಕೊನೆಯಲ್ಲಿ, ಶಾಲೆಯ ಎಲ್ಲ ನಿಯಮಗಳಿಗೂ ಬದ್ಧ ಎಂಬ ಒಂದು ಸಾಲು. ಸೀಟು ಸಿಕ್ಕರೆ ಸಾಕು ಎಂದು ಕೈ ಮುಗಿದು ನಿಂತ ತಂದೆ ಯಾವುದಕ್ಕೆ ತಾನೇ ಸಹಿ ಹಾಕುವುದಿಲ್ಲ? ಅದನ್ನು ಒಪ್ಪಿಗೆ ಎಂದು ನಾನು ಕರೆಯಲಾರೆ. ದಾಖಲಾತಿ ಮುಗಿದು ಮಗು ತರಗತಿಯಲ್ಲಿ ಕೂತ ಮೇಲೆ, ಜೂನ್ ತಿಂಗಳಲ್ಲಿ, ಪ್ರತ್ಯೇಕ ಹಾಳೆಯಲ್ಲಿ, ಸರಳ ಕನ್ನಡದಲ್ಲಿ ಕೇಳಬೇಕು. ಪ್ರತಿ ವರ್ಷವೂ ಕೇಳಬೇಕು. ಬೇಡ ಎಂದವರ ಮಗುವಿಗೆ ಒಂದು ಕೋಣೆ, ಒಬ್ಬ ಟೀಚರ್, ಒಂದು ನಿಜವಾದ ಪಾಠ ಇರಲೇಬೇಕು.

ಭಾನುವಾರ ಸಾಕು ಎನ್ನುವವರಿಗೆ ಒಂದು ಮಾತು. ಪ್ರಥಮ ಪರಮಪ್ರಸಾದಕ್ಕೆ ಸಿದ್ಧವಾಗುವ ಎಂಟೊಂಬತ್ತು ವರ್ಷದ ಮಗು ಪರಲೋಕ ಮಂತ್ರವನ್ನು ಬಾಯಿಪಾಠ ಮಾಡಲು ಭಾನುವಾರ ಸಾಕಾದೀತು. ಆದರೆ ಸತ್ತ ಅಜ್ಜ ಎಲ್ಲಿದ್ದಾರೆ, ಕದ್ದ ಪೆನ್ಸಿಲ್ ವಾಪಸು ಕೊಟ್ಟರೆ ದೇವರು ಕ್ಷಮಿಸುತ್ತಾನಾ ಎಂದು ಅದು ಕೇಳುವುದು ದಿನವೂ ನೋಡುವ ಟೀಚರನ್ನು. ಆ ಪಿರಿಯಡ್ ಕಿತ್ತುಕೊಂಡರೆ ಕಥೋಲಿಕ ಮಗುವಿಗೆ ಅನ್ಯಾಯವಾಗುತ್ತದೆ. ಅಲ್ಪಸಂಖ್ಯಾತರು ತಮ್ಮಿಷ್ಟದ ಶಾಲೆ ಕಟ್ಟಿ ನಡೆಸಬಹುದು ಎಂದು 30ನೇ ವಿಧಿ ಹೇಳುವಾಗ, ಸ್ವಂತ ಮಕ್ಕಳಿಗೇ ಸ್ವಂತ ಧರ್ಮ ಕಲಿಸಲು ನಾವೇಕೆ ಹೆದರಬೇಕು? ಹೆದರಿಕೆಯಿಂದ ಪಿರಿಯಡ್ಡಿನ ಹೆಸರನ್ನಷ್ಟೇ ಮೌಲ್ಯಶಿಕ್ಷಣ ಎಂದು ಬದಲಿಸಿ ಒಳಗೆ ದೊತೊರ್ನ್ ಕಲಿಸುವುದು ಎಲ್ಲಕ್ಕಿಂತ ಕೆಟ್ಟದ್ದು. ಅದು ಪೋಷಕರಿಗೆ ಮಾಡುವ ಮೋಸ.

ನೀತಿಪಾಠದ ಕೋಣೆಯನ್ನು ನಾವು ಎಂದೂ ಸರಿಯಾಗಿ ನಡೆಸಲಿಲ್ಲ. ಅರ್ಧ ಸಮಯ ಅದು ಬಾಕಿ ಗಣಿತಕ್ಕೆ ಹೋಗುತ್ತಿತ್ತು. ಧರ್ಮಗಳ ಬಗ್ಗೆ ಮಕ್ಕಳಿಗೆ ತಿಳಿಸುವುದಕ್ಕೆ ಸಂವಿಧಾನದ ಅಡ್ಡಿಯಿಲ್ಲ ಎಂದು 2002ರಲ್ಲಿ ಅರುಣಾ ರಾಯ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಎಲ್ಲ ಮಕ್ಕಳನ್ನೂ ಒಟ್ಟಿಗೆ ಕೂರಿಸಲು ಅದೇ ಸರಿಯಾದ ಪಾಠ. ಸೆಪ್ಟೆಂಬರ್ 8ರ ಮೋಂತಿ ಹಬ್ಬಕ್ಕೆ ನಮ್ಮ ಮನೆಗೆ ಬರುವ ಹೊಸ ಭತ್ತದ ತೆನೆ, ನೆರೆಮನೆಯಲ್ಲಿ ತೆನೆ ಕಟ್ಟಿ ಮಾಡುವ ಹೊಸ ಅಕ್ಕಿಯ ಊಟ, ರಂಜಾನ್ ಉಪವಾಸ: ಇವನ್ನು ಆಯಾ ಮನೆಯ ಮಕ್ಕಳ ಬಾಯಿಂದಲೇ ಹೇಳಿಸಬಹುದಲ್ಲ.

ಶಾಲೆಗಳ ಸಂಚಾಲಕರಲ್ಲಿ, ಸಿಸ್ಟರುಗಳಲ್ಲಿ, ಫಾದರುಗಳಲ್ಲಿ ನನ್ನ ಕೋರಿಕೆ ಇಷ್ಟೇ: ಬರುವ ಜೂನ್‌ನಲ್ಲಿ ಆ ಒಪ್ಪಿಗೆಯ ಹಾಳೆಯನ್ನು ಪ್ರತಿ ಮನೆಗೂ ಕಳುಹಿಸಿ. ಓದಲು ಬಾರದ ತಾಯಂದಿರಿಗೆ ನೀವೇ ಓದಿ ಹೇಳಿ.

ಇತಿ,
ಒಬ್ಬ ನಿವೃತ್ತ ಶಿಕ್ಷಕಿ, ಮಂಗಳೂರು