ವೃದ್ಧರೂ ವಾಹನವೂ

ವಯಸ್ಸಾದವರು ವಾಹನ ನಡೆಸಲೇ ಬಾರದೆಂದು ನಮ್ಮ ತರುಣ ಮಿತ್ರರಲ್ಲಿ ಹಲವರು ವಾದಿಸುವುದುಂಟು. ಮುಪ್ಪಿನಲ್ಲಿ ಕಣ್ಣು ಮಂಜಾಗುವುದೂ, ಇರುಳಿನಲ್ಲಿ ಎದುರು ದೀಪಕ್ಕೆ ದೃಷ್ಟಿ ಕೋರೈಸುವುದೂ, ಕತ್ತು ಸರಾಗವಾಗಿ ಹೊರಳದಿರುವುದೂ ನಿಜವೇ ಸರಿ. ಆದರೆ ಎಲ್ಲರ ಮುಪ್ಪೂ ಒಂದೇ ವಯಸ್ಸಿಗೆ ಬಾರದು. ಆದುದರಿಂದ ವಯಸ್ಸಿಗಿಂತ ಶಕ್ತಿಯನ್ನು ಪರೀಕ್ಷಿಸುವುದು ಮೇಲು.

ನಮ್ಮ ಕಾನೂನು ಈ ದಿಕ್ಕಿನಲ್ಲಿ ತುಸು ನಡೆದಿದೆ. 40 ದಾಟಿದವರು ಲೈಸೆನ್ಸಿಗೆ ವೈದ್ಯರ ಪ್ರಮಾಣಪತ್ರ ಒಪ್ಪಿಸಬೇಕು. 2019ರ ತಿದ್ದುಪಡಿಯ ಮೇರೆಗೆ, 55 ತುಂಬಿದವರು ಐದೈದು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಆದರೆ ಸಕಾಲದಲ್ಲಿ ಅರ್ಜಿ ಕೊಟ್ಟವರಿಗೆ ವಾಹನ ನಡೆಸಿ ತೋರಿಸುವ ಪರೀಕ್ಷೆಯಿಲ್ಲ. ಈ ವಿಷಯದಲ್ಲಿ ಜಪಾನು ಮುಂದಿದೆ: ಅಲ್ಲಿ 75 ದಾಟಿದವರಿಗೆ ನವೀಕರಣದ ಹೊತ್ತಿಗೆ ಜ್ಞಾಪಕಶಕ್ತಿಯ ಪರೀಕ್ಷೆಯುಂಟು, ಅವರಲ್ಲಿ ಕೆಲವು ನಿಯಮಗಳನ್ನು ಮುರಿದವರಿಗೆ 2022ರಿಂದ ಚಾಲನೆಯ ಪರೀಕ್ಷೆಯೂ ಉಂಟು.

ಆದರೆ ಲೈಸೆನ್ಸನ್ನು ಕಸಿದುಕೊಂಡ ಮಾತ್ರಕ್ಕೆ ಸಮಾಜದ ಕರ್ತವ್ಯ ಮುಗಿಯಿತೆ? ಬಸ್ಸಿನ ಸೌಕರ್ಯವಿಲ್ಲದ ಹಳ್ಳಿಯ ಹಿರಿಯರಿಗೆ ಆಸ್ಪತ್ರೆಗೂ ಬ್ಯಾಂಕಿಗೂ ಹಳೆಯ ಸ್ಕೂಟರೇ ಗತಿ. ನಮ್ಮ ರಾಜ್ಯದ ಸಾರಿಗೆ ಬಸ್ಸುಗಳಲ್ಲಿ 60 ತುಂಬಿದವರಿಗೆ ಶೇಕಡ 25ರ ರಿಯಾಯಿತಿಯಿದೆ. ಬಸ್ಸೇ ಬಾರದ ಊರಿಗೆ ಅದರಿಂದೇನು ಫಲ?

1988ರ ಮೋಟಾರು ವಾಹನ ಕಾಯಿದೆಯಲ್ಲಿ ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿಗಳಿಗೆ ಅವಕಾಶವಿದೆ. ಆ ಸಮಿತಿಗಳು ಅಪಾಯದ ತಿರುವುಗಳನ್ನು ಗುರುತಿಸುವುದರೊಂದಿಗೆ, ಯಾವ ಊರಿಗೆ ಬಸ್ಸಿಲ್ಲ, ಎಲ್ಲಿ ಕಾಲುದಾರಿಯಿಲ್ಲ, ಯಾವ ಕೂಡುರಸ್ತೆಯಲ್ಲಿ ದೀಪವಿಲ್ಲ ಎಂಬುದನ್ನೂ ಗುರುತಿಸಲಿ. ಬೇರೆ ದಾರಿ ಕಲ್ಪಿಸಿಕೊಟ್ಟ ಬಳಿಕವೇ ಹಿರಿಯರ ಕೈಯಿಂದ ಕೀಲಿಕೈ ಕೇಳುವುದು ನ್ಯಾಯ. ನಾಳೆ ಅಧಿಕಾರದ ಸ್ಥಾನಗಳಲ್ಲಿ ಕೂರಲಿರುವ ವಿದ್ಯಾರ್ಥಿ ಮಿತ್ರರು ಇದನ್ನು ಮರೆಯದಿರಲಿ.