ಅಂಗವಿಕಲ ನಾಯಿಗೊಂದು ಮನೆ

ಹೆದ್ದಾರಿಯ ಬದಿಯ ಊರುಗಳಲ್ಲಿ ವಾಹನಕ್ಕೆ ಸಿಕ್ಕು ಬೆನ್ನುಮೂಳೆ ಮುರಿದ ನಾಯಿಗಳು ಹಿಂಗಾಲುಗಳನ್ನು ಎಳೆಯುತ್ತ ಅಂಗಡಿಗಳ ಮುಂದೆ ತೆವಳುವ ದೃಶ್ಯ ಯಾರಿಗೂ ಅಪರಿಚಿತವಲ್ಲ. ಎರಡು ದಿನ ಯಾರಾದರೂ ರೊಟ್ಟಿಯ ಚೂರು ಎಸೆದಾರು. ಹುಣ್ಣಿಗೆ ನೊಣ ಮುತ್ತಿದ ಮೇಲೆ ಎಲ್ಲರೂ ಮುಖ ತಿರುಗಿಸುವವರೇ. ಅಂಥದೊಂದು ಜೀವವನ್ನು ಮನೆಗೆ ತರಲು ಮನಸ್ಸು ಮಾಡಿರುವ ಓದುಗ ಬಂಧುಗಳಿಗಾಗಿ ಈ ತಿಂಗಳ ಮಾತು.

ಮೊದಲನೆಯದಾಗಿ ಒಂದು ಎಚ್ಚರಿಕೆ. ಕಾಲು ಬಿದ್ದುಹೋದ ಎಲ್ಲ ನಾಯಿಗಳೂ ಅಪಘಾತಕ್ಕೆ ಸಿಕ್ಕವಲ್ಲ. ಹುಚ್ಚುನಾಯಿ ರೋಗದ ಒಂದು ಬಗೆಯಲ್ಲಿ ಆರ್ಭಟವೇನೂ ಇರದೆ ದವಡೆ ಜೋತು, ಜೊಲ್ಲು ಸುರಿದು, ಕೈಕಾಲುಗಳ ಶಕ್ತಿ ಉಡುಗುತ್ತದೆ. ಕಾರಣ ತಿಳಿಯದ ಇಂಥ ನಾಯಿಯನ್ನು ಮುಟ್ಟದೆ ಪಶುವೈದ್ಯರಿಗೆ ತಿಳಿಸತಕ್ಕದ್ದು. ಪೆಟ್ಟು ಬಿದ್ದದ್ದನ್ನು ಕಣ್ಣಾರೆ ಕಂಡಿದ್ದರೂ, ನೋವಿನಲ್ಲಿರುವ ನಾಯಿ ಅನ್ನ ಹಾಕಿದ ಕೈಯನ್ನೂ ಕಚ್ಚುತ್ತದೆ. ಕಂಬಳಿ ಹೊದಿಸಿ, ಬೆನ್ನು ಬಾಗದಂತೆ ಹಲಗೆಯ ಮೇಲೆ ಸಾಗಿಸಬೇಕು. ಕಚ್ಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ನೀರಿನಿಂದ ತೊಳೆದು ಅಂದೇ ಲಸಿಕೆ ಹಾಕಿಸಿಕೊಳ್ಳಬೇಕು.

ಮೂರು ಕಾಲಿನ ನಾಯಿಯ ವಿಷಯದಲ್ಲಿ ಮರುಗುವುದಕ್ಕೆ ಹೆಚ್ಚೇನೂ ಇಲ್ಲ. ನಾಯಿಯ ದೇಹಭಾರದ ಸುಮಾರು 60 ಭಾಗವನ್ನು ಮುಂಗಾಲುಗಳೇ ಹೊರುವುದರಿಂದ, ಹಿಂಗಾಲೊಂದು ಹೋದರೆ ಕೆಲವೇ ವಾರಗಳಲ್ಲಿ ಓಡತೊಡಗುತ್ತದೆ. ಮೈ ಬೆಳೆಯದಂತೆ ಊಟದಲ್ಲಿ ಮಿತಿ ಇಟ್ಟರೆ ಸಾಕು. ಕುರುಡು ನಾಯಿಗೆ ಮನೆಯ ಸಾಮಾನುಗಳು ಇದ್ದಲ್ಲೇ ಇರಬೇಕು. ಕಿವುಡು ನಾಯಿ ಕೈಸನ್ನೆಯನ್ನು ಬೇಗ ಕಲಿಯುತ್ತದೆ.

ನಿಜವಾದ ಪರೀಕ್ಷೆ ಸೊಂಟದ ಕೆಳಗೆ ಸ್ವಾಧೀನ ತಪ್ಪಿದ ನಾಯಿಯದು. ಅದಕ್ಕೆ ತಾನಾಗಿ ಮೂತ್ರ ವಿಸರ್ಜಿಸಲು ಆಗದಿದ್ದಲ್ಲಿ ದಿನಕ್ಕೆ ಮೂರು ನಾಲ್ಕು ಬಾರಿ ಹೊಟ್ಟೆಯನ್ನು ಮೆಲ್ಲನೆ ಒತ್ತಿ ತೆಗೆಯಬೇಕು. ವೈದ್ಯರ ಬಳಿ ಇದನ್ನು ಕೈಯಾರೆ ಕಲಿಯಬೇಕು. ತಪ್ಪಿದರೆ ಸೋಂಕು ಮೂತ್ರಪಿಂಡಕ್ಕೂ ಏರುತ್ತದೆ. ನಾಲ್ಕೈದು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಎಲುಬು ಒತ್ತಿದಲ್ಲಿ ಹುಣ್ಣಾಗುತ್ತದೆ. ದಪ್ಪ ಹಾಸಿಗೆ, ಒಣಗಿದ ಬಟ್ಟೆ, ಕಾಲುಗಳನ್ನು ಮಡಿಸಿ ಚಾಚುವ ನಿತ್ಯದ ವ್ಯಾಯಾಮ, ಇವು ತಪ್ಪಬಾರದು. ಈ ಸೇವೆ ಯಾರ ಪಾಲಿನದು ಎಂಬುದನ್ನು ಮನೆಮಂದಿ ಮೊದಲೇ ಕುಳಿತು ತೀರ್ಮಾನಿಸಬೇಕು. ಇಲ್ಲವಾದರೆ ನಾಯಿ ತಂದ ಯಜಮಾನರಿಗೆ ದಯಾವಂತರೆಂಬ ಹೆಸರು, ಮನೆಯ ಸೊಸೆಗೆ ದುಡಿಮೆ ಎಂಬಂತಾಗುತ್ತದೆ! ಮನೆಗೆ ತಂದು ಬೇಸರವಾಯಿತೆಂದು ಮತ್ತೆ ಬೀದಿಗೆ ಬಿಡುವಂತಿಲ್ಲ. ಹಸಿವಿನಿಂದ ನರಳುವಂತೆ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ.

ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ. ವೈದ್ಯರು ಕಾಲ್ಬೆರಳನ್ನು ಬಲವಾಗಿ ಚಿವುಟಿ ನೋಡುವರು. ನಾಯಿಗೆ ಆ ನೋವು ತಿಳಿದರೆ ಮತ್ತೆ ನಡೆದೀತೆಂಬ ಆಸೆಗೆ ಆಧಾರವಿದೆ. ತಿಳಿಯದಿದ್ದರೂ ಬೇರೆ ಬಾಧೆಯಿಲ್ಲದ ನಾಯಿ ಗಾಲಿಬಂಡಿಯಲ್ಲಿ ಸುಖವಾಗಿ ಬಾಳಬಲ್ಲದು. ಬಂಡಿಗೆ ಹೆಚ್ಚಿನ ಖರ್ಚೂ ಬೇಡ: ನೀರಿನ ಪ್ಲಾಸ್ಟಿಕ್ ಕೊಳವೆ, ಎರಡು ಸಣ್ಣ ಗಾಲಿ, ಹಳೆಯ ಬಟ್ಟೆಯ ಪಟ್ಟಿ. ನಿಂತ ನಾಯಿಯ ಬೆನ್ನಿನ ಎತ್ತರ, ಸೊಂಟದ ಅಗಲ, ಭುಜದಿಂದ ಬಾಲದವರೆಗಿನ ಉದ್ದ, ಈ ಮೂರು ಅಳತೆಗಳನ್ನು ಬರೆದುಕೊಂಡು ಹೋದರೆ ಊರಿನ ಕೊಳಾಯಿ ಕೆಲಸದವರೇ ಮಾಡಿಕೊಡಬಲ್ಲರು. ಆರಂಭದಲ್ಲಿ ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಕಟ್ಟಬೇಡಿ. ಬಿಚ್ಚಿದ ಮೇಲೆ ತೊಡೆಯ ಸಂದು ಕೆಂಪಾಗಿದೆಯೇ ನೋಡಿ.